ಪಂಡಿತಾ ರಮಾಬಾಯಿ

ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಣ್ಣಿಗೂ ಸಂಸ್ಕೃತ ಸಲ್ಲುತ್ತದೆಂದು ನಂಬಿ, ಅದಕ್ಕಾಗಿ ಸ್ವಜನರ ವಿರೋಧವನ್ನು ಕಟ್ಟಿಕೊಂಡ ವಿದ್ವಾಂಸರು. ತೀರ್ಥಯಾತ್ರೆಯ ಅಲೆದಾಟದಲ್ಲಿಯೇ ಬೆಳೆದ ಮಗಳು ತಾಯಿಯ ಬಾಯಿಂದ ಆ ಭಾಷೆಯನ್ನು ಕಲಿತರು. ಕ್ಷಾಮವು ತಂದೆ, ತಾಯಿ, ಅಕ್ಕನನ್ನು ಒಯ್ದಿತು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ನಾಡು ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿನ ಪಂಡಿತರು ‘ಸರಸ್ವತಿ’ ಎಂಬ ಬಿರುದಿತ್ತು ಗೌರವಿಸಿದರು. ಆದರೆ 1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ತೀರಿಕೊಂಡರು. ಇಪ್ಪತ್ತಮೂರರ ಆ ವಿಧವೆಯ ಮಡಿಲಲ್ಲಿ ಮನೋರಮೆಯೆಂಬ ಕೂಸು ಮಾತ್ರ ಉಳಿಯಿತು.

1883ರಲ್ಲಿ ಇಂಗ್ಲೆಂಡಿಗೆ ತೆರಳಿದ ರಮಾಬಾಯಿಯವರು ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಅಮೆರಿಕೆಯ ಮಿತ್ರರ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದು, ತಲೆಬೋಳಿಸಿ ಮೂಲೆಗೆ ತಳ್ಳಲ್ಪಟ್ಟಿದ್ದ ಬಾಲವಿಧವೆಯರಿಗೆ ಅಕ್ಷರ ಕಲಿಸತೊಡಗಿದರು. ಮರುವರ್ಷ ಸದನ ಪುಣೆಗೆ ಬಂದಿತು. ಅವರ ಪ್ರಾರ್ಥನೆಯಲ್ಲಿ ಹುಡುಗಿಯರೂ ಬಂದು ಕೂಡುತ್ತಾರೆಂಬ ಸುದ್ದಿ 1893ರಲ್ಲಿ ಊರನ್ನು ಕಲಕಿತು. ಬೆಂಬಲಕ್ಕಿದ್ದ ಹಿರಿಯರು ದೂರ ಸರಿದರು. ಅನೇಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಕ್ಷೇಪಿಸಿದವರೆಲ್ಲರೂ ಕೇಡಿಗರಾಗಿರಲಿಲ್ಲ, ಅವರ ಅಳುಕಿಗೂ ಕಾರಣವಿತ್ತು. ಇಷ್ಟಾದರೂ ರಮಾಬಾಯಿ ಕೈಚೆಲ್ಲಲಿಲ್ಲ. ಮತವನ್ನು ಬುದ್ಧಿಯಿಂದ ಒಪ್ಪಿದ್ದೆನೇ ಹೊರತು ಕ್ರಿಸ್ತನನ್ನು ಕಂಡಿರಲಿಲ್ಲವೆಂಬ ಅರಿವು ಅವರಿಗೆ 1891ರ ಸುಮಾರಿಗೆ ಮೂಡಿತ್ತು. ಅಂದಿನಿಂದ ನಸುಕಿನ ಪ್ರಾರ್ಥನೆಯೇ ಅವರ ಬಳಲಿಕೆಗೆ ಮದ್ದಾಯಿತು.

1896–97ರ ಬರಗಾಲದಲ್ಲಿ ಮಧ್ಯಪ್ರಾಂತದ ಹೆಣ್ಣುಮಕ್ಕಳ ಗೋಳು ಕಿವಿಗೆ ಬಿದ್ದಿತು. ಬಾಲ್ಯದ ಹಸಿವನ್ನು ಅವರು ಮರೆತಿರಲಿಲ್ಲ. ಕೈಯಲ್ಲಿ ನಿಶ್ಚಿತವಾದ ಹಣವಿಲ್ಲದಿದ್ದರೂ ತಾವೇ ಅಲ್ಲಿಗೆ ಹೋಗಿ ನೂರಾರು ಮಂದಿಯನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವಿನ ಹೊಲದಲ್ಲಿ ‘ಮುಕ್ತಿ’ ತಲೆಯೆತ್ತಿತು. 1900ರ ಕ್ಷಾಮದ ಹೊತ್ತಿಗೆ ಆಶ್ರಿತರ ಸಂಖ್ಯೆ ಸಾವಿರವನ್ನು ಮೀರಿತು.

ಇಷ್ಟು ಜನರ ಅನ್ನ, ಬಟ್ಟೆ, ಔಷಧಗಳ ಚಿಂತೆಯನ್ನು ಒಬ್ಬಳೇ ಹೊತ್ತರೆ ಎಂಥ ಗಟ್ಟಿಗಿತ್ತಿಯೂ ಕುಸಿದಾಳು. ರಮಾಬಾಯಿ ಹಾಗೆ ಹೊರಲಿಲ್ಲ. ಆಸರೆ ಬೇಡಿ ಬಂದವರೇ ಕಲಿತು ಕಲಿಸುವವರಾದರು. ಹೊಲ, ದನದ ಕೊಟ್ಟಿಗೆ, ಮಗ್ಗ, ಅಚ್ಚುಕೂಟಗಳನ್ನು ಹೆಂಗಸರೇ ನಡೆಸಿದರು. ಮನೋರಮೆ ಕುರುಡರಿಗೆ ಬ್ರೈಲ್ ಕಲಿಸಿದರು. 1912ರ ಸುಮಾರಿಗೆ ಗುಲ್ಬರ್ಗದಲ್ಲಿ ತಾಯಿ ತೆರೆದ ಪ್ರೌಢಶಾಲೆಗೂ ಅವರೇ ಮುಖ್ಯಸ್ಥೆ. ಭಾರ ಹೀಗೆ ಹಂಚಿಹೋದುದರಿಂದಲೇ ರಮಾಬಾಯಿಯವರಿಗೆ ಬೈಬಲನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ತರುವ ದೀರ್ಘ ಕಾರ್ಯಕ್ಕೆ ಬಿಡುವು ದೊರೆಯಿತು.

ಮುಂದೆ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಮನೋರಮೆ 1921ರಲ್ಲಿ ತೀರಿಕೊಂಡರು. ಕಿವಿ ಮಂದವಾಗಿ ದೇಹ ಸೊರಗಿದ್ದ ತಾಯಿ ಮತ್ತೆ ಅನುವಾದಕ್ಕೆ ಕುಳಿತರು. ಅದು ಮುಗಿದ ಹೊತ್ತಿಗೆ, 1922ರ ಏಪ್ರಿಲ್ 5ರಂದು, ಅವರೂ ನಿಧನರಾದರು. ಆ ಗ್ರಂಥದ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಂಗಸರೇ.