ಪೂರ್ಣಯ್ಯ: ಹಳೇ ಸಿಸ್ಟಮ್ಮನ್ನೇ ಓಡಿಸಿದ ದಿವಾನ

ದಿವಾನ್ ಪೂರ್ಣಯ್ಯ ಅಂದ್ರೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ಹೈಸ್ಕೂಲಿನ ಸಮಾಜ ವಿಜ್ಞಾನದ ಒಂದು ಮಾರ್ಕಿನ ಪ್ರಶ್ನೆ. ಹೈದರ್, ಟಿಪ್ಪು, ಆಮೇಲೆ ಮೈಸೂರು ಒಡೆಯರು, ಮೂವರ ಹತ್ತಿರಾನೂ ಕೆಲಸ ಮಾಡಿದವರು ಯಾರು? ಪೂರ್ಣಯ್ಯ. ಮುಗೀತು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬಂದಿರೋ ನಮಗೆ ಇನ್ನೊಂದು ಸಾಲು ಜಾಸ್ತಿ ಗೊತ್ತಿರುತ್ತೆ: ಯಳಂದೂರು ಅವರ ಜಹಗೀರು ಆಗಿತ್ತು. ಅದರಾಚೆಗೆ ಆ ಮನುಷ್ಯ ಏನು ಮಾಡಿದ ಅಂತ ಕೇಳಿದರೆ ಎಲ್ಲರೂ ಸುಮ್ಮನಾಗ್ತೀವಿ. ಅದಕ್ಕೆ ಕಾರಣಾನೂ ಇದೆ. ಅವರು ಮಾಡಿದ ಕೆಲಸದಲ್ಲಿ ಹೆಚ್ಚಿನ ಪಾಲು ರಿಪೇರಿ. ರಿಪೇರಿ ಮಾಡಿದವರಿಗೆ ಯಾರೂ ಪ್ರತಿಮೆ ನಿಲ್ಲಿಸಲ್ಲ, ಅದು ಕೆ.ಆರ್.ಎಸ್. ಥರ ಫೋಟೋದಲ್ಲಿ ಕಾಣಲ್ಲ.

ಹುಟ್ಟಿದ್ದು 1746ರಲ್ಲಿ, ಈಗಿನ ತಮಿಳುನಾಡಿನ ತಿರುಕಂಬೂರಿನಲ್ಲಿ, ಒಂದು ಮಾಧ್ವ ಬ್ರಾಹ್ಮಣರ ಮನೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ಹೋದರು, ಮನೆಯಲ್ಲಿ ಕಷ್ಟ. ಹುಡುಗ ಒಂದು ವ್ಯಾಪಾರಿ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದ. ಆ ವ್ಯಾಪಾರಿ ಹೈದರಾಲಿಯ ಸೈನ್ಯಕ್ಕೆ ದಿನಸಿ ಸರಬರಾಜು ಮಾಡುತ್ತಿದ್ದವರಿಗೆ ಪರಿಚಯ, ಹಾಗಾಗಿ ಈ ಹುಡುಗನ ಲೆಕ್ಕ ನಿಧಾನಕ್ಕೆ ಅರಮನೆಯವರೆಗೂ ತಲುಪಿತು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಯಾರ ಲೆಕ್ಕ ನೆಟ್ಟಗಿದೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತಿತ್ತು. ಪೂರ್ಣಯ್ಯ ಖಜಾನೆ ನೋಡಿಕೊಳ್ಳೋ ಮಟ್ಟಕ್ಕೆ ಬೆಳೆದರು. ಹಲವು ಭಾಷೆ ಬರುತ್ತಿತ್ತು, ನೆನಪಿನ ಶಕ್ತಿ ಬಗ್ಗೆ ಕಥೆಗಳೇ ಇವೆ. ಕಥೆ ಬಿಡಿ, ಲೆಕ್ಕದಲ್ಲಿ ಗಟ್ಟಿ ಅನ್ನೋದಂತೂ ನಿಜ.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ, ಯುದ್ಧದ ಮಧ್ಯೆ, ಹೈದರ್ ತೀರಿಕೊಂಡ. ಮಗ ಟಿಪ್ಪು ಆಗ ಮಲಬಾರಿನಲ್ಲಿ. ಸುದ್ದಿ ಹೊರಗೆ ಬಂದರೆ ಸೈನ್ಯ ಚೆಲ್ಲಾಪಿಲ್ಲಿ. ಪೂರ್ಣಯ್ಯ ಮತ್ತು ಕೃಷ್ಣರಾವ್ ಸೇರಿಕೊಂಡು ಸಾವಿನ ವಿಷಯ ಮುಚ್ಚಿಟ್ಟರು. ದೇಹವನ್ನು ಖಜಾನೆ ಪೆಟ್ಟಿಗೆ ಅನ್ನೋ ಹಾಗೆ ಕೋಲಾರಕ್ಕೆ ಸಾಗಿಸಿದರು. ಬಿಡಾರದಲ್ಲಿ ದಿನದ ಕೆಲಸ ಎಂದಿನಂತೆ ನಡೀತು. ಟಿಪ್ಪು ಬಂದು ಸೇರುವಷ್ಟರಲ್ಲಿ ಸೈನ್ಯ ಹಾಗೇ ಇತ್ತು. ಕಂಪ್ಯೂಟರ್ ಸೈನ್ಸ್‌ನವರು ಇದನ್ನ ಸರ್ವರ್ ಆಫ್ ಮಾಡದೆ ಮೈಗ್ರೇಟ್ ಮಾಡೋದು ಅಂತ ಕರೀತಾರೆ. ನಮ್ಮ ಲ್ಯಾಬಿನಲ್ಲಿ ಅದು ಒಂದ್ಸಲಾನೂ ಸರಿಯಾಗಿ ಆಗಿಲ್ಲ, ಅದು ಬೇರೆ ಮಾತು.

ಟಿಪ್ಪುವಿನ ಕಾಲದ ಹದಿನಾರು ವರ್ಷ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಅದು ಎಲ್ಲರಿಗೂ ಗೊತ್ತಿರೋ ಭಾಗ. ಪೂರ್ಣಯ್ಯ ಖಜಾನೆ ನೋಡಿದರು, ಬೇಕಾದಾಗ ಸೈನ್ಯದ ಜೊತೆ ಯುದ್ಧಕ್ಕೂ ಹೋದರು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೇಲೆ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ.

ಇಲ್ಲಿಂದ ನನಗೆ ಆಸಕ್ತಿ ಶುರುವಾಗೋದು. ಪೂರ್ಣಯ್ಯ ಶರಣಾದಾಗ ಇಂಗ್ಲಿಷರ ಮುಂದೆ ಇಟ್ಟ ಸಲಹೆ, ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಪಟ್ಟಕ್ಕೆ ಕೂರಿಸೋಣ ಅಂತ. ಅಂದ್ರೆ ಇರೋ ವ್ಯವಸ್ಥೆ ಇರಲಿ, ಮೇಲಿನ ಒಂದು ಭಾಗ ಮಾತ್ರ ಬದಲಾಗಲಿ. ಕಂಪನಿಯವರು ಒಪ್ಪಲಿಲ್ಲ. ಹಳೆಯ ಒಡೆಯರ ಮನೆತನದ ಐದು ವರ್ಷದ ಹುಡುಗನನ್ನು, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಆದವರನ್ನು, ಆರಿಸಿದರು. 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕ. ಅರಮನೆಯೇ ಇರಲಿಲ್ಲ, ಚಪ್ಪರ ಹಾಕಿ ಮಾಡಿದರು. ದಿವಾನರು ಯಾರು? ಮತ್ತೆ ಪೂರ್ಣಯ್ಯನೇ. ರಾಜ್ಯದ ಲೆಕ್ಕ, ಯಾವ ಊರಿನಿಂದ ಎಷ್ಟು ಬರುತ್ತೆ, ಯಾವ ಅಮಲ್ದಾರ ಎಂಥವನು, ಇದೆಲ್ಲ ತಲೆಯಲ್ಲಿ ಇದ್ದದ್ದು ಅವರಿಗೆ. ಇದನ್ನು ಅವಕಾಶವಾದ ಅಂತ ಬಯ್ಯೋರಿದ್ದಾರೆ. ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಆದರೆ ಅವತ್ತು ಅವರು ಕೈ ಎತ್ತಿದ್ದರೆ ಆ ಲೆಕ್ಕವೆಲ್ಲ ನೇರ ಕಂಪನಿಯ ಕೈಗೆ ಹೋಗುತ್ತಿತ್ತು.

ಹೋದ ಜಾಗ ಹೇಗಿರುತ್ತೆ ಅನ್ನೋದಕ್ಕೆ ಕೊಳ್ಳೇಗಾಲವೇ ಉದಾಹರಣೆ. 1799ರ ಹಂಚಿಕೆಯಲ್ಲಿ ಕೊಳ್ಳೇಗಾಲ ಕಂಪನಿಗೆ ಹೋಯಿತು, ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಕೂಡ ಅದರ ಜೊತೆಯಲ್ಲೇ. ವಾಪಸ್ಸು ಮೈಸೂರಿಗೆ ಬಂದದ್ದು 1956ರಲ್ಲಿ. ಪಕ್ಕದಲ್ಲೇ ಇರೋ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. ಈಗ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ, ಆಗ ಎರಡು ಬೇರೆ ಬೇರೆ ಸರ್ಕಾರ.

ಸರಿ, ದಿವಾನರ ಮುಂದೆ ಇದ್ದ ಪ್ರಾಬ್ಲಮ್ ಏನು ನೋಡಿ. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಾಹ ಕಪ್ಪ ಕಟ್ಟಲೇಬೇಕು. ರಾಜ್ಯಕ್ಕೆ ದುಡ್ಡು ಬರೋದು ಭೂಕಂದಾಯದಿಂದ. ಕಂದಾಯ ಬರಬೇಕಾದರೆ ಬೆಳೆ ಬೇಕು, ಬೆಳೆಗೆ ನೀರು ಬೇಕು. ವರ್ಷಗಟ್ಟಲೆ ನಡೆದ ಯುದ್ಧದಲ್ಲಿ ಕೆರೆ ಏರಿಗಳು ಒಡೆದಿವೆ, ಕಾಲುವೆಯಲ್ಲಿ ಹೂಳು ತುಂಬಿದೆ, ರೈತರು ಊರು ಬಿಟ್ಟಿದ್ದಾರೆ. ಹೊಸದಾಗಿ ಕಟ್ಟೋಕೆ ದುಡ್ಡಿಲ್ಲ, ಟೈಮೂ ಇಲ್ಲ. ಪೂರ್ಣಯ್ಯ ಇದ್ದ ಕೆರೆ, ಕಾಲುವೆಗಳ ರಿಪೇರಿಗೆ ದುಡ್ಡು ಸುರಿದರು.

ಕೆರೆ ರಿಪೇರಿ ಅಂದ್ರೆ ಗುದ್ದಲಿ ತಗೊಂಡು ಮಣ್ಣು ಹಾಕೋದಲ್ವಾ ಅಂತ ಸಿವಿಲ್ ಅಲ್ಲದವರು ಅಂದುಕೊಳ್ತೀರ. ಒಂದು ಕೆರೆಗೆ ಮುಖ್ಯವಾಗಿ ಏರಿ, ತೂಬು, ಕೋಡಿ ಇರುತ್ತೆ. ತೂಬಿನ ಪಕ್ಕ ಸಣ್ಣಗೆ ಜಿನುಗಿದರೆ ನೀರು ಮಣ್ಣನ್ನು ಕಣ ಕಣವಾಗಿ ಎಳೆದುಕೊಂಡು ಹೋಗುತ್ತೆ, ಒಳಗೆ ಬಿಲ ಆಗುತ್ತೆ, ಒಂದು ದಿನ ಏರಿ ಕುಸಿಯುತ್ತೆ. ಕೋಡಿಯಲ್ಲಿ ಗಿಡ ಬೆಳೆದು ಕಟ್ಟಿಕೊಂಡರೆ ಹೆಚ್ಚಿನ ನೀರು ಹೋಗೋಕೆ ದಾರಿ ಇಲ್ಲದೆ ಏರಿ ಮೇಲೇ ಹರಿಯುತ್ತೆ. ಮಣ್ಣಿನ ಏರಿ ಅದನ್ನ ತಡೆಯೋದು ಕಷ್ಟ. ಹೂಳು ತುಂಬಿದರೆ ಕೆರೆ ನೋಡೋಕೆ ಅಷ್ಟೇ ದೊಡ್ಡದು, ನೀರು ಮಾತ್ರ ಕಮ್ಮಿ. ನಮ್ಮ ಹಳೇ ಲ್ಯಾಪ್‌ಟಾಪ್ ಬ್ಯಾಟರಿ ನೂರು ಪರ್ಸೆಂಟ್ ಅಂತ ತೋರಿಸಿ ನಲವತ್ತು ನಿಮಿಷಕ್ಕೆ ಆಫ್ ಆಗುತ್ತಲ್ಲ, ಅದೇ ಥರ. ಇನ್ನೊಂದು ಮುಖ್ಯ ವಿಷಯ, ನಮ್ಮ ಕೆರೆಗಳು ಒಂದರ ಕೆಳಗೆ ಒಂದು ಸರಪಳಿಯಾಗಿ ಇವೆ. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಟ್ಟಿಗೆ ಕೆಳಗಿನದಕ್ಕೆ ನುಗ್ಗುತ್ತೆ. ಹಾಗಾಗಿ ಒಂದು ತೂಬು ಸರಿ ಮಾಡಿದ್ದು ಕೆಳಗಿನ ಎಷ್ಟೋ ಊರನ್ನು ಉಳಿಸಿರುತ್ತೆ, ಆ ಊರಿನವರಿಗೆ ಅದು ಗೊತ್ತೇ ಆಗಿರಲ್ಲ. ಕೊಳ್ಳೇಗಾಲದ ದೊಡ್ಡರಂಗನಾಥನ ಕೆರೆ, ಚಿಕ್ಕರಂಗನಾಥನ ಕೆರೆ ನೋಡಿದವರಿಗೆ ಹೂಳಿನ ಕಥೆ ನಾನು ಹೇಳಬೇಕಾಗಿಲ್ಲ.

ಪೂರ್ಣಯ್ಯನವರ ನಂತರ ಐವತ್ತು ವರ್ಷಕ್ಕೂ ಮೇಲೆ, 1860ರ ದಶಕದಲ್ಲಿ, ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದ ಸ್ಯಾಂಕಿ, ಅದೇ ಬೆಂಗಳೂರಿನ ಸ್ಯಾಂಕಿ ಕೆರೆಯವರು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ, ಅಷ್ಟು ಚೆನ್ನಾಗಿ ಹಿಂದಿನವರು ಕಟ್ಟಿ ಮುಗಿಸಿದ್ದಾರೆ ಅನ್ನೋ ಅರ್ಥದಲ್ಲಿ ಬರೆದರು. ಅಂದ್ರೆ ಉಳಿದಿರೋದು ಮೇಂಟೆನೆನ್ಸ್ ಒಂದೇ. ಪೂರ್ಣಯ್ಯ ಅದನ್ನ ಮೊದಲೇ ಕಂಡಿದ್ದರು.

ಮೈಸೂರು ಕೋಟೆಯ ಕಥೆಯೂ ಹೀಗೇ. ಟಿಪ್ಪು ಹಳೇ ಕೋಟೆ ಕೆಡವಿ ಆ ಕಲ್ಲನ್ನು ಹತ್ತಿರದಲ್ಲಿ ನಜರ್‌ಬಾದ್ ಅನ್ನೋ ಹೊಸ ಕೋಟೆಗೆ ಸಾಗಿಸಿದ್ದ. 1799ರ ನಂತರ ಅದೇ ಕಲ್ಲುಗಳನ್ನ ವಾಪಸ್ ತಂದು ಮೈಸೂರು ಕೋಟೆಯನ್ನ ಮತ್ತೆ ಕಟ್ಟಿದರು. ಕಲ್ಲಿಗೆ ಪಾಪ, ಬರೀ ಓಡಾಟ.

ಸೈನ್ಯದಲ್ಲೂ ಅದೇ ಕೆಲಸ. ಟಿಪ್ಪುವಿನ ಕುದುರೆ ಸವಾರರು ಕೆಲಸವಿಲ್ಲದೆ ಬೀದಿಗೆ ಬಿದ್ದರೆ ನಾಳೆ ದರೋಡೆಗೆ ಇಳೀತಾರೆ. ಅವರಲ್ಲಿ ಅನೇಕರನ್ನ ಮತ್ತೆ ಸೇರಿಸಿಕೊಂಡು ಸಿಲಾದಾರ್ ಪಡೆ ಮಾಡಿದರು. ಸಿಲಾದಾರ್ ಅಂದ್ರೆ ತನ್ನ ಕುದುರೆ ತಾನೇ ತರೋ ಸವಾರ. ಧೋಂಡಿಯಾ ವಾಘನ ವಿರುದ್ಧ, ಆಮೇಲೆ ಮರಾಠಾ ಯುದ್ಧದಲ್ಲಿ, ಇವರು ಆರ್ಥರ್ ವೆಲ್ಲೆಸ್ಲಿಯ ಜೊತೆ ಹೋದರು. 1807ರಲ್ಲಿ ನಾಲ್ಕು ಸಾವಿರ ಸವಾರರನ್ನು ಇಟ್ಟಿರಬೇಕು ಅಂತ ಕಂಪನಿ ಜೊತೆ ಒಪ್ಪಂದಾನೇ ಆಯಿತು.

ಹೊಸದೇನೂ ಕಟ್ಟಲಿಲ್ಲ ಅಂತ ಅಲ್ಲ. ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಅನ್ನೋ ಊರು ಕಟ್ಟಿಸಿದರು, ಅದೇ ಈಗಿನ ರಾಮನಗರ. ಕಾವೇರಿ ನೀರನ್ನ ಮೈಸೂರಿಗೆ ತರೋಕೆ ಒಂದು ದೊಡ್ಡ ಕಾಲುವೆ ತೋಡಿಸಲು ಹೊರಟರು, ಅದು ಕೈಗೂಡಲಿಲ್ಲ. ಮೈಸೂರಿನವರು ಇವತ್ತಿಗೂ ಅದನ್ನ ಪೂರ್ಣಯ್ಯ ನಾಲೆ ಅಂತಾರೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಮಾತ್ರ ಗೆದ್ದಿತು. 1804ರಲ್ಲಿ ಮುಗಿದದ್ದು, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಡಿಸೈನ್ ಮಾತ್ರ ಪೂರ್ತಿ ನಮ್ಮೂರಿನ ಕಲ್ಲುಕುಟಿಗರ ಹಳೇ ಪದ್ಧತಿ. ಕಮಾನು ಇಲ್ಲ. ಕಲ್ಲಿನ ಕಂಬ, ಅದರ ಮೇಲೆ ಚಾಚುಗಲ್ಲು, ಅದರ ಮೇಲೆ ಕಲ್ಲಿನ ತೊಲೆ, ನಮ್ಮ ದೇವಸ್ಥಾನದ ಮಂಟಪ ಕಟ್ಟುವ ಹಾಗೇ. ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ, ಅದಕ್ಕೇ ಕಂಬಗಳು ಹತ್ತಿರ ಹತ್ತಿರ. ಇದರಿಂದ ನದಿಯ ಹರಿವಿಗೆ ಅಡ್ಡಿ ಜಾಸ್ತಿ, ಪ್ರವಾಹದಲ್ಲಿ ಕಸ, ಮರ ಸಿಕ್ಕಿಹಾಕಿಕೊಳ್ಳುತ್ತೆ. ಆದರೆ ಒಂದು ಲಾಭ ಇದೆ. ಕಮಾನಿನ ಸೇತುವೆಯಲ್ಲಿ ಒಂದು ಕಮಾನು ಬಿದ್ದರೆ ಪಕ್ಕದ್ದರ ಬ್ಯಾಲೆನ್ಸ್ ತಪ್ಪುತ್ತೆ. ಇಲ್ಲಿ ಒಂದು ಅಂಕಣ ಬಿದ್ದರೆ ಅದೊಂದನ್ನೇ ಮತ್ತೆ ಎತ್ತಿ ಕೂರಿಸಬಹುದು. ರ‍್ಯಾಮ್ ಕಿತ್ತು ಬೇರೆ ಹಾಕೋ ಹಾಗೆ. ಈಗಿನ ಎಷ್ಟೋ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರ್ತಾರೆ, ಕಲ್ಲುಕುಟಿಗರಿಗೆ ಇದ್ದ ಬುದ್ಧಿ ಇವರಿಗಿಲ್ಲ.

ಇದೇ ಥರದ್ದು ನಮ್ಮ ಕೊಳ್ಳೇಗಾಲ ತಾಲ್ಲೂಕಿನ ಶಿವನಸಮುದ್ರದಲ್ಲೂ ಇದೆ, ಜನ ವೆಸ್ಲಿ ಸೇತುವೆ ಅಂತಾರೆ. ಹೆಸರು ಒಂದೇ ಥರ ಇದೆ ಅಂತ ಎರಡನ್ನೂ ಬೆರೆಸಬೇಡಿ. ಅದು ಪೂರ್ಣಯ್ಯನವರ ನಂತರದ್ದು, ರಾಮಸ್ವಾಮಿ ಮೊದಲಿಯಾರ್ ಅನ್ನೋವರು ಮಾಡಿಸಿದ್ದು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖಾನೂ ಹೇಳಬೇಕು. ಪೂರ್ಣಯ್ಯ ಅಧಿಕಾರ ಬಿಡುವಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ ಉಳಿತಾಯ ಇತ್ತು ಅಂತ ಹೇಳ್ತಾರೆ. ಆ ದುಡ್ಡು ಆಕಾಶದಿಂದ ಬೀಳಲಿಲ್ಲ. ವಸೂಲಿ ಬಿಗಿಯಾಗಿತ್ತು, ಇನಾಮು ಜಮೀನುಗಳನ್ನ ವಾಪಸ್ ತಗೊಂಡರು. ಕಳೆದುಕೊಂಡವರು ಅವರನ್ನ ಖಂಡಿತ ಆಶೀರ್ವಾದ ಮಾಡಿರಲ್ಲ. ದಿವಾನಗಿರಿ ತಮ್ಮ ವಂಶಕ್ಕೇ ಇರಲಿ ಅನ್ನೋ ಆಸೆಯೂ ಇತ್ತು ಅಂತಾರೆ. ಅದು ಸಿಗಲಿಲ್ಲ, ಬದಲಿಗೆ 1807ರಲ್ಲಿ ಯಳಂದೂರು ಜಹಗೀರು ಸಿಕ್ಕಿತು. ನನಗೆ ಕಾಣೋದು ಏನಂದ್ರೆ, ಎಲ್ಲಾನೂ ತಾನೇ ನೋಡಿಕೊಳ್ಳುವ ಮನುಷ್ಯನಿಗೆ ಇನ್ನೊಬ್ಬರ ಕೈಗೆ ಪಾಸ್‌ವರ್ಡ್ ಕೊಡೋದು ಆಗಲ್ಲ. ಐದು ವರ್ಷದ ಹುಡುಗ ಬೆಳೆದು ಹದಿನಾರಾದ, ರಾಜ್ಯ ನಾನೇ ನೋಡ್ಕೊಳ್ತೀನಿ ಅಂದ. ಇಬ್ಬರಿಗೂ ಸರಿಹೋಗಲಿಲ್ಲ. ಹುಡುಗನ ಪರವಾಗಿ ವರ್ಷಗಟ್ಟಲೆ ಹೋರಾಡಿದ ರಾಣಿ ಲಕ್ಷ್ಮಮ್ಮಣ್ಣಿ 1810ರಲ್ಲೇ ತೀರಿಕೊಂಡಿದ್ದರು, ನಡುವೆ ನಿಂತು ಸಮಾಧಾನ ಮಾಡೋಕೆ ಹಿರಿಯರು ಅಂತ ಅವರೂ ಇರಲಿಲ್ಲ. 1811ರಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು. ಒಂದು ವರ್ಷಾನೂ ಬದುಕಲಿಲ್ಲ, 1812ರ ಮಾರ್ಚಿನಲ್ಲಿ ತೀರಿಕೊಂಡರು.

ಆಮೇಲೆ ಖಜಾನೆ ಕರಗಿತು, ನಗರದ ಕಡೆ ರೈತರು ದಂಗೆ ಎದ್ದರು, 1831ರಲ್ಲಿ ಇಂಗ್ಲಿಷರು ಆಡಳಿತ ತಗೊಂಡರು. ವಾಪಸ್ ಕೊಟ್ಟದ್ದು ಐವತ್ತು ವರ್ಷದ ಮೇಲೆ. ತಪ್ಪೆಲ್ಲ ಯುವ ರಾಜನದ್ದು ಅನ್ನೋ ಮಾತನ್ನ ನಾನು ಒಪ್ಪಲ್ಲ. ಹನ್ನೆರಡು ವರ್ಷ ಎಲ್ಲ ಲೆಕ್ಕಾನೂ ಒಬ್ಬರ ತಲೆಯಲ್ಲೇ ಇದ್ದರೆ, ಆ ತಲೆ ಹೋದಾಗ ಮುಂದಿನವನಿಗೆ ಏನು ಸಿಗುತ್ತೆ?

ಯಳಂದೂರು ಜಹಗೀರು ಮಾತ್ರ ಅವರ ವಂಶದಲ್ಲೇ ಮುಂದುವರಿಯಿತು. ಅದೇ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು. ಇವರ ಕಾಲದಲ್ಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು. ಕೆಲಸ ಶುರು ಮಾಡಿಸಿದ ಶೇಷಾದ್ರಿ ಅಯ್ಯರ್ ಅಷ್ಟರಲ್ಲಿ ತೀರಿಕೊಂಡಿದ್ದರು. ಆಗ ಅದು 25 ಸೈಕಲ್‌ನ, ಸುಮಾರು 4 ಮೆಗಾವ್ಯಾಟ್‌ನ ಕೇಂದ್ರ. ಮಷೀನ್ ಬದಲಾಯಿಸುತ್ತಾ, ಸೇರಿಸುತ್ತಾ ಬಂದು ಈಗ 42 ಮೆಗಾವ್ಯಾಟ್. ಎಲೆಕ್ಟ್ರಿಕಲ್‌ನವರು ಯಾರಾದರೂ ಇದರ ಬಗ್ಗೆ ಬೇರೆ ಲೇಖನ ಬರೆಯಬೇಕು.

ಯಳಂದೂರಿಗೆ ಹೋದರೆ ಎಲ್ಲರೂ ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿ, ಕಲ್ಲಿನ ಬಳೆ ಸರಪಳಿ ಫೋಟೋ ತೆಗೆದುಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟುಬಿಡ್ತಾರೆ. ಅದೇ ಊರಿನಲ್ಲಿ ಜಹಗೀರ್‌ದಾರರ ಬಂಗಲೆಯೂ ಇದೆ. ಹಾಳಾಗ್ತಾ ಇದ್ದ ಕಟ್ಟಡ, ಸರ್ಕಾರ ಅದನ್ನ ಕೆಡವದೆ ರಿಪೇರಿ ಮಾಡಿಸಿ ದಿವಾನ್ ಪೂರ್ಣಯ್ಯ ಮ್ಯೂಸಿಯಂ ಮಾಡಿದೆ. ಬೆಟ್ಟದ ಬಸ್ಸಿಗೆ ಕಾಯೋ ಟೈಮಿನಲ್ಲಿ ಒಂದು ಸುತ್ತು ಹಾಕಿ ಬರಬಹುದು.