ಜನ್ನ ಕವಿಯ ಹಿಟ್ಟಿನ ಹುಂಜ

ಪಂಪ, ಪೊನ್ನ, ರನ್ನರ ನಂತರ ಕನ್ನಡದ ಜೈನ ಕವಿಗಳಲ್ಲಿ ತಪ್ಪದೆ ನೆನೆಯಬೇಕಾದವನು ಜನ್ನ. ತಂದೆ ಸುಮನೋಬಾಣ, ತಾಯಿ ಗಂಗಾದೇವಿ. ಶಬ್ದಮಣಿದರ್ಪಣ ಬರೆದ ಕೇಶಿರಾಜ ಇವನ ಸೋದರಳಿಯ. ಹೊಯ್ಸಳರ ಆಸ್ಥಾನದಲ್ಲಿ ಕವಿಯೂ ದಂಡಾಧೀಶನೂ ಮಂತ್ರಿಯೂ ಆಗಿದ್ದ ಜನ್ನನಿಗೆ ವೀರಬಲ್ಲಾಳನು ಕವಿಚಕ್ರವರ್ತಿ ಎಂಬ ಬಿರುದು ನೀಡಿದನು. ರಾಜ್ಯ, ಸೈನ್ಯಗಳನ್ನು ಹತ್ತಿರದಿಂದ ಬಲ್ಲ ಈ ಕವಿ 1209ರಲ್ಲಿ ತನ್ನ ಕಾವ್ಯಕ್ಕೆ ಆರಿಸಿಕೊಂಡ ವಸ್ತು ಜೀವದಯೆ. ಅದೇ ಯಶೋಧರ ಚರಿತೆ.

ವಾದಿರಾಜರ ಸಂಸ್ಕೃತ ಕಾವ್ಯದ ಕಥೆಯನ್ನು ಜನ್ನ ಹೆಚ್ಚಾಗಿ ಕಂದಪದ್ಯಗಳಲ್ಲಿ, ನಾಲ್ಕು ಅವತಾರಗಳಲ್ಲಿ ಹೇಳಿದ್ದಾನೆ. ರಾಣಿಯ ಹೆಸರು ಅಮೃತಮತಿ. ಕೊನೆಗೆ ಅವಳ ಕೈಯಿಂದ ಬರುವುದು ವಿಷ. ಅವಳು ಮನಸೋತ ಮಾವುತ ಅಷ್ಟವಂಕನ ದನಿ ಇಂಪು, ರೂಪ ವಿಕಾರ. ಕಿವಿಗೆ ಹಿತವಾದುದರ ಹಿಂದೆ ಹೋದ ಮನಸ್ಸು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಈ ವಿರೋಧದಲ್ಲೇ ಕವಿ ತೋರಿಸುತ್ತಾನೆ.

ಅವರಿಬ್ಬರನ್ನು ಕಂಡ ಯಶೋಧರ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಅಷ್ಟರ ಮಟ್ಟಿಗೆ ಗೆದ್ದ. ಆದರೆ ತಾಯಿ ಚಂದ್ರಮತಿಗೆ ನಿಜ ಹೇಳದೆ, ಕೆಟ್ಟ ಕನಸು ಕಂಡೆನೆಂದು ಮರೆಮಾಡಿ ಹೇಳುತ್ತಾನೆ. ತಾಯಿ ಅದನ್ನು ಕನಸೆಂದೇ ನಂಬಿ, ಶಾಂತಿಗಾಗಿ ಪ್ರಾಣಿಬಲಿ ಕೊಡು ಎನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಹಿಟ್ಟಿನ ಹುಂಜವನ್ನಾದರೂ ಕೊಡು ಎಂದಾಗ ದಾಕ್ಷಿಣ್ಯಕ್ಕೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ!

ಇಡೀ ಕಾವ್ಯದ ಜೀವಾಳ ಈ ಕೂಗು. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ನಡೆದುಹೋಯಿತು. ಭಾವಹಿಂಸೆ ಎಂಬ ಸೂಕ್ಷ್ಮ ತತ್ವವನ್ನು ಮಕ್ಕಳಿಗೂ ತಿಳಿಯುವಂತೆ ಹೇಳಲು ಇದಕ್ಕಿಂತ ಒಳ್ಳೆಯ ಪ್ರತೀಕ ಸಿಗದು. ಫಲವಾಗಿ ತಾಯಿ ಮಗ ನಾಯಿ, ನವಿಲುಗಳಿಂದ ಮೊದಲ್ಗೊಂಡು ಹಲವು ತಿರ್ಯಂಚ ಜನ್ಮಗಳನ್ನು ಅನುಭವಿಸುತ್ತಾರೆ. ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟಿ, ಮಾರಿಯ ಗುಡಿಯಲ್ಲಿ ತಾವೇ ಬಲಿಯಾಗಲು ನಿಲ್ಲುತ್ತಾರೆ. ಅವರ ಭವಾವಳಿ ಕೇಳಿದ ಮಾರಿದತ್ತ ರಾಜ ಹಿಂಸೆಯನ್ನು ತೊರೆಯುತ್ತಾನೆ. ಅಭಯ ಎಂಬ ಹೆಸರು ಅಲ್ಲಿ ಸಾರ್ಥಕವಾಗುತ್ತದೆ.

1230ರಲ್ಲಿ ಜನ್ನ ಅನಂತನಾಥ ಪುರಾಣವನ್ನೂ ರಚಿಸಿದನು. ಆದರೂ ಅವನನ್ನು ಮನೆಮನೆಗೆ ತಂದದ್ದು ಈ ಚಿಕ್ಕ ಕಾವ್ಯವೇ. ಜೀವದಯಾಷ್ಟಮಿಯಂದು ಈ ಕಥೆ ಓದುವ ಮನೆಗಳಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ಓದಬೇಕು. ಬೇಡವೆಂದು ತಿಳಿದದ್ದಕ್ಕೆ ದಾಕ್ಷಿಣ್ಯಕ್ಕಾಗಿ ಹೂಂ ಎನ್ನುವ ಮುಂಚೆ, ಆ ಹುಂಜದ ಕೂಗು ಅವರಿಗೆ ನೆನಪಾದರೆ ಸಾಕು.