ರಂಫಿಯಸ್ ಮತ್ತು ಚಿಪ್ಪಿನೊಳಗಿನ ಜೀವಿ

‘ಆವಾಸ’ ಪಾಠದಲ್ಲಿ ಕವಡೆಗಳ ಬಣ್ಣವನ್ನಷ್ಟೇ ತೋರಿಸಿದೆ. ಅವು ಎಲ್ಲಿ ಬದುಕುತ್ತವೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ, ಸಮುದ್ರದಲ್ಲಿ ಎಂದು ಜಾರಿಕೊಂಡೆ. ಮರುಪಾಠಕ್ಕೆ ಓದುವಾಗ ಸಿಕ್ಕವರು ರಂಫಿಯಸ್.

1627ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಡಚ್ ಕಂಪನಿಯ ನೌಕರಿಯಲ್ಲಿ ಈಗಿನ ಇಂಡೋನೇಷ್ಯಾದ ಅಂಬಾನ್ ದ್ವೀಪ ಸೇರಿದರು. 1670ರಲ್ಲಿ ದೃಷ್ಟಿ ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿ, ಮಗಳು ತೀರಿಕೊಂಡರು. ಆಮೇಲೂ ಅವರು ಹೇಳುತ್ತಾ ಹೋದರು, ಸಹಾಯಕರು ಬರೆದುಕೊಂಡರು. ಯುರೋಪಿನ ಸಂಗ್ರಾಹಕರಿಗೆ ಹೊಳೆಯುವ ಚಿಪ್ಪು ಸಾಕಿತ್ತು. ಇವರಿಗೆ ಒಳಗಿನ ಜೀವಿಯೂ ಅದು ಸಿಗುವ ಜಾಗವೂ ಬೇಕಿತ್ತು. ಬಂಡಾದಲ್ಲಿ ಕೋನ್ ಬಸವನಹುಳು ಚುಚ್ಚಿ ಹೆಂಗಸೊಬ್ಬಳು ಸತ್ತದ್ದನ್ನೂ ಬರೆಸಿದ್ದಾರೆ. ಹಲವು ಕೋನ್‌ಗಳು ಹಗಲಲ್ಲಿ ಹವಳದ ಚೂರುಗಳ ಕೆಳಗೆ ಮರಳಿನಲ್ಲಿ ಹುದುಗಿರುತ್ತವೆ. ಕವಡೆಗಳು ಹವಳದ ಸಂದಿಯಲ್ಲಿ, ಕಲ್ಲಿನಡಿಯಲ್ಲಿ. ಅವರು ತೀರಿಕೊಂಡದ್ದು 1702ರಲ್ಲಿ, ಪುಸ್ತಕ ಅಚ್ಚಾದದ್ದು 1705ರಲ್ಲಿ.

ಮರುಪಾಠದ ದಿನ ತಟ್ಟೆಗೆ ಮರಳು, ಕಲ್ಲು ಹಾಕಿ, ಚಿಪ್ಪುಗಳನ್ನು ಮಕ್ಕಳ ಕೈಯಲ್ಲೇ ಇಡಿಸಿದೆ.